ಸಂಜೆ ಬರುತ್ತಿದ್ದ ಗೋಪಾಲಮ್ಮ

“ಆಯಮ್ಮ ಏನ್ ಮಾಡಿದ್ರು ಅಂದ್ರೆ, ನಮ್ಮ ಮನೆಯೋಳ್ನ ವಾಪಸ್ ಕಳಿಸ್ಬಿಟ್ರು,” ಎಂದರು ಬ್ಯಾಟರಾಯಪ್ಪ.

ರವಿಕಿರಣನಿಗೆ ಅರ್ಥವಾಗಲಿಲ್ಲ. ಹುಣಸಮಾರನಹಳ್ಳಿಯ ಈ ಪುಟ್ಟ ಕ್ಲಿನಿಕ್ಕು ನಡೆಸುವ ಟ್ರಸ್ಟಿನಿಂದ ಬಂದವನು ಅವನು. ರೋಗಿಗಳ ಹತ್ತಿರ ಕೂತು ಮಾತಾಡಿಸಿ, ತಿಳಿದದ್ದನ್ನು ಡಾಕ್ಟರಿಗೆ ಹೇಳಲೆಂದೇ ಫಾರ್ಮಸಿಸ್ಟ್ ಭಾಗ್ಯಶ್ರೀಗೆ ಒಂದು ವರ್ಷ ಸಂಬಳ ಕೊಟ್ಟು ನೋಡಿದ್ದಾಗಿತ್ತು. ಮಾತ್ರೆ ಕೊಡೋಕೆ ಒಂದು ಕಿಂಡಿ ಸಾಕಲ್ಲ, ಮಾತಿಗೂ ಸಂಬಳವೇ ಎಂದು ಈಗ ಆಫೀಸಿನಲ್ಲಿ ರಾಗ ಎಳೆಯುತ್ತಿದ್ದರು. ಇವತ್ತು ರವಿಕಿರಣ ಹೋಗಿ ಏನು ಹೇಳುತ್ತಾನೋ ಅದರ ಮೇಲೆ ಅವಳು ಇರುವುದೋ, ಬಿಡುವುದೋ. ಹೊಂಗೆಮರದ ಕೆಳಗಿನ ಬೆಂಚಿನಲ್ಲಿ ಸಿಕ್ಕ ಮೊದಲ ಮನುಷ್ಯನೇ ಹೀಗೆ ದೂರು ಹೇಳಬೇಕೆ. ಕಿಂಡಿಯ ಒಳಗೆ ಮಾತ್ರೆಪಟ್ಟಿ ಕತ್ತರಿಸುತ್ತಿದ್ದ ಭಾಗ್ಯಶ್ರೀಯ ಕೈ ನಿಂತಿತು.

“ಎಲ್ಲಿಗೆ ಕಳಿಸಿದ್ರು ತಾತ?”

“ಎಲ್ಲಿಂದ ಬತ್ತಿದ್ಲೋ ಅಲ್ಲಿಗೆ. ಅವಳು ತೀರ್ಕೊಂಡು ನಾಕು ವರ್ಷ ಆಯ್ತಲ್ಲ.”

ಹೋದ ಅವರೆಕಾಲದಲ್ಲಿ, ದೀಪ ಹಚ್ಚುವ ಹೊತ್ತಿಗೆ, ಗೋಪಾಲಮ್ಮ ಬರುತ್ತಿದ್ದಳು. ಬಂದು ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂರುವಳು. ಹತ್ತಿರದ ಏರ್‌ಪೋರ್ಟಿಗೆ ಇಳಿಯುವ ವಿಮಾನ ಮನೆಯ ಮೇಲೆ ಹಾದುಹೋದಾಗ ಅದರ ಬೆಳಕು ಅವಳ ಹಸಿರು ಬಳೆಗಳ ಮೇಲೆ ಜಾರಿ ಹೋಗುವುದು. ಮನೆ ತುಂಬ ಅವರೆಯ ಸೊಗಡು. ಮಾತಾಡಿಸಿದರೆ ಎಲ್ಲಿ ಎದ್ದು ಹೋಗುತ್ತಾಳೋ ಎಂದು ಬ್ಯಾಟರಾಯಪ್ಪ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು ಸಂಜೆ, ಸಿಪ್ಪೆಯನ್ನಾದರೂ ಎತ್ತಿಹಾಕೋಣ ಎಂದು ಎದ್ದವರು ತಲೆ ತಿರುಗಿ ಬಿದ್ದರು. ಹಣೆಗೆ ಹೊಲಿಗೆ ಬಿತ್ತು.

“ಎಲ್ರೂ ಎಲ್ಲಿ ಬಿದ್ದೆ, ಎಂಗೆ ಬಿದ್ದೆ ಅಂತ ಕೇಳೋರೇ. ಈಯಮ್ಮ ನನ್ನ ಚೀಲ ಬೋರಲಾಕಿ ಒಂದೊಂದೇ ಮಾತ್ರೆ ನೋಡ್ತು. ‘ಅಜ್ಜಾರ, ಎದ್ದದ್ದು ಯಾಕ್ರಿ? ಸಂಜೀ ಮುಂದ ಯಾರರೆ ಕಾಣಸ್ತಾರೇನ್ರಿ?’ ಅಂತು. ಅಂಗೆ ಯಾರೂ ಕೇಳಿರ್ಲಿಲ್ಲ. ಅವಳು ಬರೋ ವಿಷ್ಯ ಎಲ್ಲಾ ಏಳ್ಬಿಟ್ಟೆ.”

ಅಂಗಡಿಯಿಂದ ತಾವೇ ತಂದು ದಿನಾ ನುಂಗುತ್ತಿದ್ದ ನೆಗಡಿ ಮಾತ್ರೆ, ಕ್ಲಿನಿಕ್ಕಿನ ಮಾತ್ರೆಯೊಂದರ ಜೊತೆ ಸೇರಿ ಆಡಿಸುತ್ತಿದ್ದ ಆಟ ಅದು. ಭಾಗ್ಯಶ್ರೀ ಒಳಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿದಳು. ಒಂದನ್ನು ಬಿಡಿಸಿದರು, ಇನ್ನೊಂದನ್ನು ಬದಲಾಯಿಸಿದರು. ವಾರ ಕಳೆಯುವಷ್ಟರಲ್ಲಿ ಹೊಸ್ತಿಲು ಖಾಲಿಯಾಯಿತು.

“ಆ ನೆಗಡಿ ಮಾತ್ರೇದು ಒಂದು ಪಟ್ಟಿ ಗೂಡಲ್ಲಿ ಬಚ್ಚಿಟ್ಟಿದ್ದೆ,” ಎಂದರು ಬ್ಯಾಟರಾಯಪ್ಪ, ದನಿ ತಗ್ಗಿಸಿ.

“ಮತ್ತೆ ತಗೊಂಡ್ರಾ?”

“ಕೈಗೆ ತಗೊಂಡೆ. ಆಮೇಲೆ ನೆಪ್ಪಾಯ್ತು. ನಾನು ಬಿದ್ದಾಗ ಅವಳು ತಲೆ ಎತ್ಲಿಲ್ಲ ಕಣಪ್ಪ, ಸುಲೀತಾನೇ ಇದ್ಲು. ನಮ್ಮ ಗೋಪಾಲಿ ಅಂಗಲ್ಲ. ನಾನು ಒಂಚೂರು ಎಡವಿದ್ರೆ ಸಾಕು, ಕೆರೆ ಆಚೆಗೂ ಕೇಳೋ ಅಂಗೆ ಬಯ್ಯೋಳು. ಇವಳು ಯಾರೋ ಬೇರೆ ಅನ್ನಿಸ್ತು. ಪಟ್ಟೀನ ತಂದು ಈಯಮ್ಮನ ಕೈಗೇ ಕೊಟ್ಬಿಟ್ಟೆ.”

ಪಕ್ಕದಲ್ಲಿ ಕೂತಿದ್ದ ರವಿಕಿರಣ ಅವರತ್ತ ತಿರುಗಿದ. “ಹಂಗಾದ್ರೆ ಮೇಡಂ ಇರ್ಬೇಕಾ, ಬೇಡ್ವಾ? ಆಫೀಸಲ್ಲಿ ಏನಂತ ಹೇಳ್ಲಿ ತಾತ?”

“ಮನೇಲಿ ಈಗ ಅವಳ ಎಸ್ರು ಯಾರೂ ಎತ್ತಲ್ಲ, ಮುದುಕ ಎಲ್ಲಿ ಕಣ್ಣೀರು ಆಕ್ತಾನೋ ಅಂತ. ಈಯಮ್ಮ ಒಬ್ಳೇ ತಿಂಗ್ಳು ತಿಂಗ್ಳು ಕೇಳೋದು, ಅವ್ರು ಬಂದಿದ್ರಾ ಅಂತ. ಮಾತ್ರೆ ಸರಿಯಾಯ್ತಾ ಅಂತ ನೋಡೋಕೆ ಕೇಳ್ತದೆ, ನಂಗೂ ಗೊತ್ತು. ಆದ್ರೆ ಕೇಳಿದ್ ಗಳಿಗೇಲಿ ನಮ್ಮೋಳು, ಬಯ್ಯೋಳು, ಒಂದ್ಸಲ ಬಂದು ಓಗ್ತಾಳೆ. ಅಂತಾದ್ದಕ್ಕೆಲ್ಲ ಸಂಬಳ ಕೊಡೋ ಪದ್ಧತಿ ಐತಾ ನಿಮ್ಮಲ್ಲಿ?”

ಅಷ್ಟರಲ್ಲಿ ಕಿಂಡಿಯಿಂದ ಭಾಗ್ಯಶ್ರೀಯ ಎಂದಿನ ದನಿ ಬಂತು. “ಬ್ಯಾಟರಾಯಪ್ಪ ಅಜ್ಜಾರ, ಗೋಪಾಲಮ್ಮಾರು ಬಂದಿದ್ರೇನ್ರಿ?”

“ಇಲ್ಲ ಕಣವ್ವ,” ಎಂದರು ಬ್ಯಾಟರಾಯಪ್ಪ. ಎಂದವರೇ, ಬೆಂಚಿನ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಆಚೆ ಸರಿದರು.

ರವಿಕಿರಣನೂ ಸ್ವಲ್ಪ ಈಚೆ ಸರಿದು ಕೂತ.