ಟ್ರಯಲ್ಲಿಗೆ ಒತ್ತೆ

‘ಟ್ರಯಲ್’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಖಂಡಪ್ಪ ಗಿರಾಕಿಯ ಮುಖ ಬಿಟ್ಟು ಚಪ್ಪಲಿ ನೋಡಿದ. ಹೊಸ ಚಪ್ಪಲಿ. ಗಾಡಿ ಸಮೇತ ಮಾಯವಾಗುವವರು ಹೊಸ ಚಪ್ಪಲಿಯನ್ನೇ ಹಾಕಿರುತ್ತಾರೆ ಎಂಬುದು ಅವನು ಪೆಟ್ಟು ತಿಂದು ಕಲಿತ ಶಾಸ್ತ್ರ.

ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು ಅವನದು ಹಳೆಯ ಮೋಟಾರ್ ಸೈಕಲ್ ಮಾರುವ ಅಂಗಡಿ. ಹೋದ ವರ್ಷ, ಎಂದರೆ ಎಂಬತ್ತಾರರ ಬೇಸಿಗೆಯಲ್ಲಿ, ಬಿಳಿ ಬಟ್ಟೆಯ ಸಭ್ಯಸ್ಥನೊಬ್ಬ ರಾಜದೂತ್ ಗಾಡಿಯನ್ನು ಟ್ರಯಲ್ಲಿಗೆಂದು ಒಯ್ದಿದ್ದ. ಒತ್ತೆಗೆ ಕೈಗಡಿಯಾರ ಬಿಚ್ಚಿಟ್ಟಿದ್ದ. ಸಂಜೆ ನೋಡಿದರೆ ಅದು ನಡೆಯುವ ಗಡಿಯಾರವೇ ಅಲ್ಲ. ಹೆಂಡತಿ ಚಂದಮ್ಮ ಇವತ್ತಿಗೂ ರೊಟ್ಟಿ ಬಡಿಸುವಾಗ “ಟ್ರಯಲ್ ಮುಗೀತೇನ್ರಿ?” ಎಂದು ಕೇಳುತ್ತಾಳೆ. ಇನ್ನೊಂದು ಗಾಡಿ ಕೈಬಿಟ್ಟರೆ ಅಂಗಡಿ ಮುಚ್ಚಿಸಿ ಅಲ್ಲಿ ಖಾರ ಕುಟ್ಟುವ ಗಿರಣಿ ಹಾಕಿಸುತ್ತೇನೆ, ಅದರ ಮುಂದೆ ನೀವೇ ಕೂಡಬೇಕು ಎಂದು ದೇವರ ಮುಂದೆ ನಿಂತು ಹೇಳಿದ್ದಾಳೆ. ಖಂಡಪ್ಪನಿಗೆ ಒಗ್ಗರಣೆಯ ಮೆಣಸಿನಕಾಯಿಗೇ ಇಪ್ಪತ್ತು ಸೀನು ಬರುತ್ತವೆ.

ಅಂದಿನಿಂದ ಅವನದೊಂದು ಕಾಯಿದೆ. ಗಡಿಯಾರ, ಉಂಗುರ ನಡೆಯುವುದಿಲ್ಲ. ಒತ್ತೆಗೆ ಮನುಷ್ಯರೇ ಬೇಕು. ಗಾಡಿ ಬರುವ ತನಕ ಅವರು ಅಂಗಡಿಯ ಕುರ್ಚಿಯಲ್ಲಿ ಕೂತಿರಬೇಕು.

ಈ ಗಿರಾಕಿಯ ವಿಷಯದಲ್ಲಿ ಬಾಯಿ ಬಿಟ್ಟು ಕೇಳುವ ಪ್ರಸಂಗವೇ ಬರಲಿಲ್ಲ. ಅಫಜಲಪುರದ ಬಸ್ಸಿನಿಂದ ಇಳಿಯುವಾಗ ಅವನ ಕೈಯಲ್ಲಿ ಒಂದು ಹೆಂಗಸಿನ ಚೀಲವಿತ್ತು, ಚೀಲದ ಹಿಂದೆ ಕಚ್ಚೆ ಸೀರೆಯ, ದಪ್ಪ ಕನ್ನಡಕದ ಮುದುಕಿ ಇದ್ದಳು. “ಬರ್ರಿ ಅವ್ವಾ, ನೆರಳಾಗ ಕೂಡ್ರಿ,” ಎಂದು ಖಂಡಪ್ಪ ತಾನೇ ಕುರ್ಚಿ ಎಳೆದ. ಚಹಾ ತರಿಸಿದ. ಅವಳು ಕೂತಳು. ಒತ್ತೆ ಭದ್ರವಾಯಿತು.

ಗಿರಾಕಿ ವ್ಯಂಕಟೇಶ, ಹೈಸ್ಕೂಲಿನ ಡ್ರಿಲ್ ಮಾಸ್ತರ. ಸೂಟಿ ಮುಗಿಯುವುದರೊಳಗೆ ಬದರಿನಾಥಕ್ಕೆ ಗಾಡಿಯ ಮೇಲೆ ಹೋಗಿಬರುವ ಹುಚ್ಚು. ಅಂಗಡಿಯಲ್ಲಿದ್ದುದು ಎರಡೇ ಗಾಡಿ: ಒಂದು ಬುಲೆಟ್, ಒಂದು ಯೆಜ್ಡಿ. ಖಂಡಪ್ಪ ಬುಲೆಟ್ಟನ್ನು ಹೊಗಳಿ ಅಟ್ಟಕ್ಕೇರಿಸಿದ, ಆಮೇಲೆ ಯೆಜ್ಡಿಯನ್ನೂ ಅದರ ಪಕ್ಕದಲ್ಲೇ ಕೂರಿಸಿದ. ಮಾಸ್ತರನಿಗಿಂತ ಮುದುಕಿಯೇ ಹೆಚ್ಚು ಮನಸ್ಸಿಟ್ಟು ಕೇಳಿದಳು.

“ಘಟ್ಟದಾಗ ಗಾಡಿ ಬಿದ್ರ ಒಬ್ಬರ ಕೈಲೆ ಎತ್ತಲಿಕ್ಕೆ ಆಗೋದು ಯಾವದು, ತಮ್ಮಾ?” ಎಂದಳು.

ತಾಯಿಯ ಕರುಳು, ಎಂದುಕೊಂಡ ಖಂಡಪ್ಪ. ಯೆಜ್ಡಿ ಹಗುರ, ಅದರ ಕಿಕ್ಕೂ ಗೇರೂ ಒಂದೇ ಕೋಲು ಎಂದು ಮಡಚಿ ತಿರುಗಿಸಿ ತೋರಿಸಿದ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

ಮೊದಲ ಟ್ರಯಲ್ ಯೆಜ್ಡಿಯದು. ಮಾಸ್ತರ ನಾಲ್ಕು ಸಲ ತುಳಿದರೂ ಗಾಡಿ ಉಸಿರೆತ್ತಲಿಲ್ಲ. “ಪೆಟ್ರೋಲಿನ ಕಾಕ್ ತಗಿ, ತಮ್ಮಾ,” ಎಂದಳು ಮುದುಕಿ, ಚಹಾದ ಬಸಿಯಿಂದ ಕಣ್ಣೆತ್ತದೆ. ಮಗನ ಗಾಡಿಯ ಚಟ ಎಂಥ ತಾಯಿಯನ್ನೂ ಮೆಕ್ಯಾನಿಕ್ ಮಾಡುತ್ತದೆ ಎಂದು ಖಂಡಪ್ಪ ನಕ್ಕ.

ಕಾಲು ಗಂಟೆಗೆ ಯೆಜ್ಡಿ ವಾಪಸು ಬಂತು. ಖಂಡಪ್ಪನ ಎರಡೂ ಕೈಗೆ ಗ್ರೀಸ್ ಹತ್ತಿದ್ದರಿಂದ ಮಾಸ್ತರ ಚಾವಿಯನ್ನು ಮುದುಕಿಯ ಕೈಗಿಟ್ಟ.

“ಟಾಕಿ?” ಎಂದಳು.

“ತುಂಬಿಸಿಕೊಂಡ ಬಂದೇನ್ರಿ ಅವ್ವಾ.”

ಹೆತ್ತ ತಾಯಿಗೂ ‘ರೀ’ ಹಚ್ಚಿ ಮಾತಾಡುವ ಮಗ. ಖಂಡಪ್ಪನಿಗೆ ಅವನ ಚಪ್ಪಲಿಯ ಮೇಲಿನ ಸಂಶಯವೂ ಅರ್ಧ ಕಡಿಮೆಯಾಯಿತು. ಮುದುಕಿ ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡಾಗ ಉಳಿದರ್ಧವೂ ಹೋಯಿತು. ಮನೆಯ ಹಿರಿಯಳ ಸೆರಗು ಸೇರಿದ ಚಾವಿ ತಿರುಗಿ ಬರುವುದಿಲ್ಲ, ವ್ಯಾಪಾರ ಕುದುರಿದಂತೆಯೇ.

ಬುಲೆಟ್ ಹತ್ತುವಾಗ ಮಾಸ್ತರ ಕೇಳಿದ: “ಗುರುತಿಗೆ ಏನರೆ ಇಟ್ಟು ಹೋಗಲೇನ್ರಿ?”

“ಅವ್ವ ಇಲ್ಲೇ ಕೂತಿರ್ತಾರಲ್ರಿ. ಮತ್ತೇನು ಬೇಕು?”

“ಹೌದ್ರಿ, ಅವ್ವ ಇದ್ದಾರಲ್ಲ,” ಎಂದು ಮಾಸ್ತರ ಹೊರಟ.

ಅರ್ಧ ಗಂಟೆ ಕಳೆಯಿತು. ಮುಕ್ಕಾಲೂ ಕಳೆಯಿತು. ಖಂಡಪ್ಪನ ಮೂಗಿನಲ್ಲಿ ಖಾರದ ಘಾಟು ಆಡತೊಡಗಿತು. ಒತ್ತೆಯಿದ್ದರೇನು, ತಾಯಿಯನ್ನೇ ಬಿಟ್ಟು ಓಡುವ ಮಕ್ಕಳು ಲೋಕದಲ್ಲಿಲ್ಲವೇ? ಕೂತಲ್ಲಿ ಕೂಡಲಾಗದೆ ಎದ್ದ.

“ಅವ್ವಾ, ದಾರಿ ನೋಡಿ ಬರ್ತೇನಿ. ನೀವು ಎಲ್ಲೂ ಹೋಗಬ್ಯಾಡ್ರಿ.”

“ಸಾವಕಾಶ ಹೋಗಿ ಬಾ, ತಮ್ಮಾ,” ಎಂದಳು ಮುದುಕಿ, ಕಚ್ಚೆಯನ್ನು ಬಿಗಿ ಮಾಡಿಕೊಳ್ಳುತ್ತ. “ಬದರಿಗೆ ಹೊಂಟವರ ಮ್ಯಾಲ ಸಂಶಯ ಪಡಬಾರದು.”

ಅವನು ಮಾಸ್ತರ ಹೋದ ದಕ್ಷಿಣದ ದಾರಿ ಹಿಡಿದ. ಎರಡು ಫರ್ಲಾಂಗ್ ನಡೆದಿರಬೇಕು, ಹಿಂದೆ ಯಾವುದೋ ಯೆಜ್ಡಿ ಹೊರಟ ಸದ್ದಾಯಿತು. ತಿರುಗಿ ನೋಡಲಿಲ್ಲ, ಕಿವಿಯೆಲ್ಲ ಬುಲೆಟ್ಟಿನ ಮೇಲಿತ್ತು. ಕೊನೆಗೂ ಬುಲೆಟ್ಟಿನ ಸದ್ದು ಎದುರಿನಿಂದ ಬಂದಾಗ ಅವನಿಗೆ ಅಳುವೇ ಬಂತು. ಮಾಸ್ತರನಿಗೆ ದಾರಿಯಲ್ಲಿ ಕುರಿಹಿಂಡು ಅಡ್ಡವಾಗಿತ್ತಂತೆ. ಪಾಪ, ಬಂಗಾರದಂಥ ಮನುಷ್ಯ. ಇಂಥವನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ನಾಚಿಕೊಂಡೇ ಖಂಡಪ್ಪ ಹಿಂದಿನ ಸೀಟು ಹತ್ತಿದ. ಇವತ್ತು ರೊಟ್ಟಿಯ ಮುಂದೆ ಚಂದಮ್ಮನಿಗೆ ಏನು ಉತ್ತರ ಕೊಡಬೇಕೆಂಬುದನ್ನು ದಾರಿಯುದ್ದಕ್ಕೂ ಜೋಡಿಸಿದ.

“ಬುಲೆಟ್ ಭಾರ ಆತ್ರಿ ನನಗ,” ಎಂದ ಮಾಸ್ತರ ಅಂಗಡಿಯ ಮುಂದೆ ಗಾಡಿ ನಿಲ್ಲಿಸುತ್ತ. “ಯೆಜ್ಡೀನೇ ಒಯ್ತೇನಿ.”

ಕುರ್ಚಿಯ ಮೇಲೆ ಕಪ್ಪು ಬಸಿ ಇದ್ದವು. ಮುದುಕಿ ಇರಲಿಲ್ಲ. ಚೀಲವೂ ಇರಲಿಲ್ಲ. ಯೆಜ್ಡಿ ನಿಂತಿದ್ದಲ್ಲಿ ಅದರ ಸ್ಟ್ಯಾಂಡ್ ಊರಿದ್ದ ಎರಡು ಗುಳಿ ಮಾತ್ರ ಇದ್ದವು, ಅಲ್ಲಿಂದ ಒಂದು ಗಾಲಿಯ ಗೆರೆ ನೆಟ್ಟಗೆ ಉತ್ತರಕ್ಕೆ ಹೋಗುವ ರಸ್ತೆಗೆ ಏರಿತ್ತು.

ಖಂಡಪ್ಪ ಮಾಸ್ತರನ ಕೊರಳಪಟ್ಟಿ ಹಿಡಿದ. “ಎಲ್ಲಿ ನಿಮ್ಮವ್ವ?”

“ನಮ್ಮವ್ವ ಅಫಜಲಪುರದಾಗ ಮನ್ಯಾಗ ಅದಾಳ್ರಿ,” ಎಂದ ಮಾಸ್ತರ, ಖಾಲಿ ಕುರ್ಚಿಯನ್ನೇ ನೋಡುತ್ತ. “ಬಸ್ಸಿನಾಗ ಚೀಲ ಹಿಡಿ ಅಂದ್ರು, ಹಿಡಿದೆ. ಅವರು ನಿಮ್ಮವ್ವ ಅಲ್ಲೇನ್ರಿ?”