ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಚಿಕ್ಕಪ್ಪ ಗರಗಸದ ಬ್ಲೇಡನ್ನು ಹೊಲಿಗೆ ಯಂತ್ರದ ಮೇಲಿಟ್ಟು, ಚಾರ್ಜರಿನ ಡಬ್ಬಿಗೆ ಅಂಟಿದ್ದ ಪ್ಲಾಸ್ಟಿಕ್ಕಿನ ಹುಡಿಯನ್ನು ಉಫ್ ಎಂದು ಊದಿದ. ಪುಟ್ಟಿ ಬಗ್ಗಿ ನೋಡಿದಳು. ಅವಳು ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆ ಒಂಚೂರೂ ಅಳಿಸಿರಲಿಲ್ಲ. ಕತ್ತರಿಸಿದ್ದು ಗೆರೆಯಿಂದ ಅರ್ಧ ಇಂಚು ಆಚೆಗೆ.

“ಗೆರೆ ಮೇಲೇ ಕೊಯ್ಯಿ ಅಂದಿದ್ನಲ್ಲ ಚಿಕ್ಕಪ್ಪ.”

“ಗೆರೆ ಮೇಲೆ ಯಾರಾದ್ರೂ ಕೊಯ್ತಾರೇನೇ? ಆಮೇಲೆ ಹೊಲಿಗೆಗೆ ಎಲ್ಲಿಗೆ ಹೋಗ್ತೀಯ?” ಅಂದವನು ತಾನೇ ನಾಲಿಗೆ ಕಚ್ಚಿಕೊಂಡ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ, ಚಾರ್ಜರಿಗೂ ಹೊಲಿಗೆ ಬೀಳುತ್ತದೆ ಎಂದುಕೊಂಡುಬಿಟ್ಟಿತ್ತು.

ಪುಟ್ಟಿಗೆ ನಗು ಬರಲಿಲ್ಲ. ಮೂವತ್ತಾದರೂ ಅವನ ಬಾಯಲ್ಲಿ ಪುಟ್ಟಿಯಾಗೇ ಉಳಿದಿದ್ದ ಅವಳಿಗೆ ನಾಳೆಯಿಂದ ಮೂರು ವಾರ ಸೇತುವೆಗಳ ಬಿರುಕಿನ ಫೋಟೊ ತೆಗೆಯುವ ಕೆಲಸ. ಯಾರ ಕೈಕೆಳಗೂ ಅಲ್ಲದೆ ಒಬ್ಬಳೇ ಒಪ್ಪಿಕೊಂಡ ಮೊದಲ ಕೆಲಸ. ಒಂದೇ ಚೀಲ ಬೆನ್ನಿಗೇರಿಸಿ ಏಣಿ ಹತ್ತಬೇಕು. ಆ ಚೀಲವನ್ನು ಚಿಕ್ಕಪ್ಪನೇ ಹೊಲಿದುಕೊಟ್ಟಿದ್ದ. ಎಲ್ಲವೂ ಹಿಡಿಸಿತು, ಚಾರ್ಜರ್ ಒಂದನ್ನು ಬಿಟ್ಟು. ಇಟ್ಟಿಗೆಯಂಥ ಡಬ್ಬಿ, ಅದಕ್ಕೆ ಎಮ್ಮೆ ಕಟ್ಟುವ ಹಗ್ಗದಂಥ ವೈರು. ಕ್ಯಾಮೆರಾ ಹಳೆಯದು, ಅದರ ಬ್ಯಾಟರಿಗೆ ಹೊಂದುವ ಇನ್ನೊಂದು ಚಾರ್ಜರ್ ಈಗ ಎಲ್ಲಿ ಹುಡುಕಿದರೂ ಇಲ್ಲ.

ಬಿಚ್ಚಿ ನೋಡಿದಾಗ ಒಳಗೆ ಅರ್ಧಕ್ಕರ್ಧ ಖಾಲಿ. ಕೆಲವು ದೊಡ್ಡ ಮನುಷ್ಯರೂ ಹೀಗೇ ಎಂದಿದ್ದ ಚಿಕ್ಕಪ್ಪ. ಖಾಲಿ ಭಾಗ ಕತ್ತರಿಸಿ, ಹೊರಗಿನ ಉದ್ದ ವೈರು ತೆಗೆದು, ಪ್ಲಗ್ಗಿನ ಎರಡು ಪಿನ್ನುಗಳನ್ನು ಡಬ್ಬಿಯ ಬಾಯಿಗೇ ಕೂರಿಸಿದರೆ ಅಂಗೈಯಷ್ಟಾಗುತ್ತದೆ ಎಂದು, ಸಂಜೆ ತರಗತಿಯಲ್ಲಿ ಬೆಸುಗೆ ಕಲಿತಿದ್ದ ಪುಟ್ಟಿ ಯೋಚಿಸಿದ್ದಳು. ಮೂರು ಸಲ ಅಳೆದಿದ್ದಳು. ಕೊಯ್ಯಲು ಪಳಗಿದ ಕೈ ಬೇಕೆಂದು ಅದೊಂದನ್ನು ಅವನಿಗೆ ಬಿಟ್ಟಿದ್ದಳು.

“ಹೇಳಿದಷ್ಟು ಮಾಡೋಕೆ ನಿನಗೇನು ಕಷ್ಟ?” ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಇನ್ನೊಮ್ಮೆ ಕೊಯ್ಯಲು ಬ್ಲೇಡಿಗೆ ಕೈ ಹಾಕಿದವನನ್ನು, ಮೊದಲು ಒಳಗಿನದು ಕೂರಲಿ ಎಂದು ಅವಳೇ ತಡೆದಳು. ಅವನು ಚೀಲವನ್ನು ಒಳಮೈ ಹೊರಕ್ಕೆ ತಿರುವಿ, ಹೆಚ್ಚಾದ ಡಬ್ಬಿ ಹಿಡಿಸುವಂತೆ ಜೇಬು ಅಗಲಿಸಲು ಅದರ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದ. ಅಲ್ಲೂ ಅರ್ಧ ಇಂಚು ಬಿಟ್ಟಿದ್ದ.

ಪುಟ್ಟಿ ಪಿನ್ನುಗಳಿಗೆ ಬೆಸುಗೆ ಹಾಕಿ, ಡಬ್ಬಿಯೊಳಕ್ಕೆ ಜೋಡಿಸಲು ಹೋದವಳು ಹಾಗೇ ನಿಂತಳು. ಅವಳು ಅಳೆದದ್ದು ಒಳಗಿನ ಹಸಿರು ಸರ್ಕ್ಯೂಟ್ ಹಲಗೆಯನ್ನು ಮಾತ್ರ. ಅದರಿಂದ ಹೊರಟ ಎರಡು ಗಿಡ್ಡ ವೈರುಗಳು ಪಿನ್ನು ಮುಟ್ಟುವ ಮೊದಲು ಒಮ್ಮೆ ಬಾಗಬೇಕು. ಆ ಬಾಗುವಿಕೆಯನ್ನು ಅವಳು ಅಳೆದಿರಲಿಲ್ಲ. ಬಾಗಿದ ಎರಡೂ ವೈರುಗಳು ಈಗ ಆ ಅರ್ಧ ಇಂಚಿನಲ್ಲಿ, ಒಂದನ್ನೊಂದು ಮುಟ್ಟದೆ ಕೂತಿದ್ದವು. ಗೆರೆಯ ಮೇಲೆ ಕೊಯ್ದಿದ್ದರೆ ಒತ್ತಿಕೊಂಡು ತಗುಲುತ್ತಿದ್ದವು. ಗೋಡೆಗೆ ಸಿಕ್ಕಿಸಿದ ಕೂಡಲೇ ಇದ್ದೊಂದು ಚಾರ್ಜರೂ ಸುಟ್ಟು ಕರಕಲು.

ಇದನ್ನು ಚಿಕ್ಕಪ್ಪನಿಗೆ ಹೇಳದಿದ್ದರೂ ನಡೆಯುತ್ತಿತ್ತು. ವೈರಿನ ವಿಷಯ ಅವನಿಗೇನು ಗೊತ್ತು?

ಡಬ್ಬಿ ಮುಚ್ಚಿ ಗೋಡೆಗೆ ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು. ಚಿಕ್ಕಪ್ಪ ಎದ್ದು ಬಂದು, ಬೀಗದ ಕಿಂಡಿಯಲ್ಲಿ ಇಣುಕುವವನಂತೆ ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆ ಈಗ ಏನು ನಡೀತಿದೆ ಎಂದು ಕೇಳಿದ. ಪುಟ್ಟಿ ಡಬ್ಬಿಯ ಮೇಲೆ ಬೆರಳಿಟ್ಟಳು. ಸಣ್ಣಗೆ ಬೆಚ್ಚಗಿತ್ತು.

“ತಪ್ಪು ನನ್ನ ಅಳತೇದು ಚಿಕ್ಕಪ್ಪ. ನೀನು ಬಿಟ್ಟಿದ್ದಕ್ಕೆ ಉಳೀತು.”

ಅವನು ತನ್ನ ಜಾಗಕ್ಕೆ ಹೋಗಿ ಕೂತು, ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದ.

“ಅಳತೆ ತಪ್ಪಾಗಿರಲ್ಲ ಪುಟ್ಟಿ. ಬಟ್ಟೆಗೆ ಅಳತೆ ಕೊಡುವಾಗ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿರ್ತಾರೆ. ಆಮೇಲೆ ಬಿಡ್ತಾರಲ್ಲ, ಜಾಗ ಬೇಕಾಗೋದು ಅದಕ್ಕೆ.”