ಗ್ಯಾಸ್ ಪಕ್ಷ, ಕರೆಂಟ್ ಪಕ್ಷ

ನರಕ ಚತುರ್ದಶಿಯ ಬೆಳಗ್ಗೆ ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಬಳಿದುಕೊಂಡು, ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು ಶಾಂತವೀರಪ್ಪನವರೂ ಅವರ ಮಗ ಶಶಿಕಿರಣನೂ ಬಚ್ಚಲುಮನೆಗೆ ಬಂದರೆ, ಹಂಡೆಯ ಕೆಳಗೆ ಬೆಂಕಿಯೇ ಇರಲಿಲ್ಲ.

ಹಂಡೆ ಮಾತ್ರ ಮದುವಣಗಿತ್ತಿಯ ಹಾಗೆ ಕೂತಿತ್ತು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಸೊಸೆ ಸುಪ್ರಿಯಾ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ವಿಭೂತಿ ಎಳೆದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬಿಸಿ ಪೂಜೆಯನ್ನೂ ಮಾಡಿದ್ದಳು. ಶಾಂತವೀರಪ್ಪನವರು ನೀರಿಗೆ ಒಂದು ಬೆರಳು ಅದ್ದಿ ನೋಡಿದರು. ಕೊಟ್ಟಿಗೆಹಾರದ ಚಳಿ ಎಂಥದ್ದೆಂದರೆ, ಆ ಬೆರಳು ಮಧ್ಯಾಹ್ನದವರೆಗೆ ಅವರ ಮಾತು ಕೇಳಲಿಲ್ಲ.

"ಸುಪ್ರಿಯಾ, ಬೆಂಕಿ ಹಾಕಿಲ್ವೇನಮ್ಮ?"

ಹಿತ್ತಲ ಬಾಗಿಲಲ್ಲಿ ಶಾಲು ಹೊದ್ದು ಕೂತಿದ್ದ ಸುಪ್ರಿಯಾ ಕಾಫಿ ಲೋಟ ಕೆಳಗಿಟ್ಟಳು. "ಗ್ಯಾಸಲ್ಲಿ ಕಾಯ್ಸೋದಾ, ಕರೆಂಟಲ್ಲಿ ಕಾಯ್ಸೋದಾ ಅಂತ ನೀವಿನ್ನೂ ತೀರ್ಮಾನ ಮಾಡಿಲ್ವಲ್ಲ ಮಾವ. ನೀವು ಹೇಳಿದ ಕೂಡ್ಲೇ ಕಾಯ್ಸಿಬಿಡ್ತೀನಿ."

ಅವಳು ಯುಗಾದಿಯಲ್ಲಿ ಕೇಳಿದ್ದು ಒಂದು ಗೀಸರ್. ಮಳೆಗಾಲದಲ್ಲಿ ಕಾಫಿ ಗಿಡದ ಹಸಿ ಕಟ್ಟಿಗೆ ಊದಿ ಊದಿ ಅವಳ ಕಣ್ಣು ಕಾಫಿ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೇಡವೆಂದು ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಎಲ್ಲರೂ ಒಳ್ಳೆಯವರು. ಯಾವುದು ತರಬೇಕು ಎಂಬ ಒಂದೇ ಪ್ರಶ್ನೆ. "ಗ್ಯಾಸಿಂದೇ ತರ್ಬೇಕು. ಕಾಗೆ ಕೆಮ್ಮಿದ್ರೂ ಕರೆಂಟ್ ಹೋಗೋ ಊರಿದು," ಎಂದರು ಶಾಂತವೀರಪ್ಪನವರು. "ಕಿಟಕಿ ಇಲ್ಲದ ನಮ್ಮ ಬಚ್ಚಲಲ್ಲಿ ಗ್ಯಾಸ್ ಇಟ್ರೆ ಮೀಯೋಕೆ ಹೋದೋರು ಸೀದಾ ಕೈಲಾಸಕ್ಕೆ," ಎಂದ ಶಶಿಕಿರಣ. ದಿನಾ ಬೆಳಗ್ಗೆ ಹಂಡೆಯ ಬಿಸಿನೀರು ಮಿಂದು, ತಲೆಯಿಂದ ಹಬೆ ಏಳುತ್ತಿರುವಾಗ, ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅಪ್ಪ ಮಗ ಈ ವಿಷಯವನ್ನು ಆಳವಾಗಿ ಚರ್ಚಿಸುತ್ತಿದ್ದರು.

ಜಗಲಿಯಿಂದ ಚರ್ಚೆ ಅಂಗಡಿಗೆ ಹೋಯಿತು, ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ. ಊರೇ ಎರಡು ಪಕ್ಷವಾಯಿತು. ಮಂಜಿನಲ್ಲಿ ಎದುರಿನವರ ಮುಖ ಕಾಣದಿದ್ದರೂ ಅವರು ಗ್ಯಾಸ್ ಪಕ್ಷವೋ ಕರೆಂಟ್ ಪಕ್ಷವೋ ಎಂದು ಕೆಮ್ಮಿನಲ್ಲೇ ಗೊತ್ತಾಗುತ್ತಿತ್ತು. ಬಸ್ಸಿನಲ್ಲಿ ಗ್ಯಾಸಿನವರು ಎಡಗಡೆ, ಕರೆಂಟಿನವರು ಬಲಗಡೆ ಕೂರುವುದು ರೂಢಿಯಾಗಿ, ಗ್ಯಾಸಿನವರು ಹೆಚ್ಚಿದ್ದ ದಿನ ಬಸ್ಸು ವಾಲಿಕೊಂಡೇ ಚಾರ್ಮಾಡಿ ಘಾಟಿ ಇಳಿಯುತ್ತಿತ್ತು. ಇಷ್ಟೆಲ್ಲ ಆಗುವಾಗ ಒಲೆ ಊದುತ್ತಿದ್ದವಳು ಯಾವ ಪಕ್ಷವೆಂದು ಯಾರೂ ವಿಚಾರಿಸಲಿಲ್ಲ.

ಈಗ ಬಚ್ಚಲಲ್ಲಿ ಅಪ್ಪ ಮಗನ ಹಲ್ಲು ಕಟಕಟ ಎನ್ನುತ್ತಿತ್ತು. ಎಣ್ಣೆ ಮೈಗೆ ಬಟ್ಟೆ ಹಾಕುವಂತಿಲ್ಲ, ಕುರ್ಚಿಯಲ್ಲಿ ಕೂರುವಂತಿಲ್ಲ. ಸ್ನಾನವಾಗದೆ ಪೂಜೆಯಿಲ್ಲ, ಪೂಜೆಯಾಗದೆ ತಿಂಡಿಯಿಲ್ಲ.

"ಅಡುಗೆಮನೆ ಒಲೇಲಿ ಎರಡು ಪಾತ್ರೆ ನೀರಿಟ್ರೆ ಆಗಲ್ವಾ?" ಎಂದ ಶಶಿಕಿರಣ.

"ಪೂಜೆ ಮಾಡಿದ ಹಂಡೆ ಬಿಟ್ಟು ಸಾರಿನ ಪಾತ್ರೇಲಿ ಮೀತೀಯೇನೋ, ಹಬ್ಬದ ದಿನ?" ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ ಅವನ ತಾಯಿ ಗಿರಿಜಾಂಬಾ ಗದರಿದರು.

ಶಾಂತವೀರಪ್ಪನವರು ಮಣಿದರು. "ಹೋಗ್ಲಿ ಮಾರಾಯ, ಕರೆಂಟಿಂದೇ ಆಗ್ಲಿ."

"ಬೇಡಪ್ಪ, ನೀವು ದೊಡ್ಡೋರು. ಗ್ಯಾಸೇ ಆಗ್ಲಿ."

"ನಾನು ಬಿಟ್ಕೊಟ್ಟೆ ಅಂದ್ನಲ್ಲೋ!"

"ಮನಸ್ಸಲ್ಲಿ ಮೊದ್ಲು ಬಿಟ್ಕೊಟ್ಟಿದ್ದು ನಾನು!"

ಹೀಗೆ ಅಪ್ಪ ಕರೆಂಟ್ ಪಕ್ಷಕ್ಕೂ ಮಗ ಗ್ಯಾಸ್ ಪಕ್ಷಕ್ಕೂ ಸೇರಿ, ಚರ್ಚೆ ಮೊದಲಿನಿಂದ ಶುರುವಾಯಿತು. ಸುಪ್ರಿಯಾ ಲೋಟ ಎತ್ತಿಕೊಂಡು ಇನ್ನೊಂದು ಗುಟುಕು ಕುಡಿದಳು. "ಅಲ್ಲೀವರೆಗೆ ಕಟ್ಟಿಗೆ ಅಲ್ಲೇ ಮೂಲೇಲಿದೆ ಮಾವ, ಊದೋ ಕೊಳವೆ ಒಲೆ ಪಕ್ಕದಲ್ಲಿದೆ."

ಬೇರೆ ದಾರಿ ಉಳಿದಿರಲಿಲ್ಲ. ಶಾಂತವೀರಪ್ಪನವರು ಮಂಡಿಯೂರಿ ಕಬ್ಬಿಣದ ಕೊಳವೆಯನ್ನು ಬಾಯಿಗಿಟ್ಟು ಒಲೆಯ ಮುಂದಿನಿಂದ ಊದಿದರು. ಶಶಿಕಿರಣ ಹಿಂಬದಿಯ ಹೊಗೆ ಕಿಂಡಿಗೆ ಬಾಯಿಟ್ಟು ಆ ಕಡೆಯಿಂದ ಊದಿದ. ಅಪ್ಪ ಊದಿದ ಹೊಗೆ ಮಗನ ಮುಖಕ್ಕೆ, ಮಗ ಊದಿದ ಹೊಗೆ ಅಪ್ಪನ ಮುಖಕ್ಕೆ. ಬೆಂಕಿ ನಡುವೆ ಸಿಕ್ಕಿಕೊಂಡು, ಎತ್ತ ಹತ್ತಿಕೊಳ್ಳಬೇಕೆಂದು ತಿಳಿಯದೆ ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಊದಿದರು. ಎಣ್ಣೆ ಮೈಯ ಮೇಲೆ ಮಸಿ ಕೂತು, ಯಾರು ಅಪ್ಪ ಯಾರು ಮಗ ಎಂದು ಹೇಳುವುದಕ್ಕೆ ಟವೆಲಿನ ಬಣ್ಣ ನೋಡಬೇಕಾಯಿತು.

ಶಾಂತವೀರಪ್ಪನವರು ಕೊಳವೆ ಕೆಳಗಿಟ್ಟು, ಕೆಂಪಗಾದ ಕಣ್ಣು ಒರೆಸಿಕೊಂಡರು. "ಲೋ ಶಶಿ, ಮೂಡಿಗೆರೆ ಅಂಗಡಿಯೋನಿಗೆ ಫೋನ್ ಮಾಡು. ಇವತ್ತೇ ತಂದು ಕೂರಿಸ್ಲಿ."

"ಯಾವುದು ಅಂತ ಹೇಳ್ಲಿ ಅಪ್ಪ?"

"ಯಾವುದಾದ್ರೂ ತರ್ಲಿ ಮಾರಾಯ! ಊದೋ ಹಂಗಿರಬಾರ್ದು, ಅಷ್ಟೇ." ಕೆಮ್ಮುತ್ತಲೇ ಅವರು ಹೆಂಡತಿಯ ಕಡೆ ತಿರುಗಿದರು. "ಅಲ್ವೇ ಗಿರಿಜಾ, ಸೊಸೆ ಬರೋ ತನಕ ಇಷ್ಟು ವರ್ಷ ನೀನೇ ಊದಿದ್ದು ಇದನ್ನ. ಇಂಥಾ ಕಷ್ಟ ಅಂತ ಒಂದು ದಿನ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

ಗಿರಿಜಾಂಬಾ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ಅವರ ನೆತ್ತಿಗೆ ತಟ್ಟಿದರು.

"ಬಾಯಿ ಎಲ್ಲಿ ಖಾಲಿ ಇತ್ರೀ? ಕೊಳವೆ ಇತ್ತಲ್ಲ."